ಜೋಡಿ ಸ್ಪೀಕರ್ ಪಾಲು ಮಾಡಿಕೊಂಡವರಿಗೆ

ಗದಗ,
ಕ್ರಿಸ್ತಶಕ ೨೨೩೧, ಹದಿಮೂರನೆಯ ತಿಂಗಳ ಮೂವತ್ತನಾಲ್ಕನೆಯ ದಿನ

ದೊಡ್ಡಜ್ಜ ಫಕ್ಕೀರಪ್ಪನವರಿಗೂ ಸಣ್ಣಜ್ಜ ಮುರಿಗೆಪ್ಪನವರಿಗೂ ನೀಲವ್ವ ಮಾಡುವ ನಮಸ್ಕಾರಗಳು.

ಮೇಲಿನ ದಿನಾಂಕ ಕಂಡು ಇದು ಯಾರದೋ ಕೀಟಲೆ ಎಂದು ಕಾಗದವನ್ನು ಹರಿದು ಹಾಕಬೇಡಿ. ನಮ್ಮ ಕಾಲಕ್ಕೆ ವರ್ಷದಲ್ಲಿ ತಿಂಗಳುಗಳೂ ತಿಂಗಳಲ್ಲಿ ದಿನಗಳೂ ಹೆಚ್ಚಾಗಿವೆ. ಏಕೆಂದು ವಿವರಿಸಲು ಜಾಗವಿಲ್ಲ, ನನಗೆ ಅಷ್ಟು ತಾಳ್ಮೆಯೂ ಉಳಿದಿಲ್ಲ. ನಾನು ದೊಡ್ಡಜ್ಜನವರ ಮರಿಮಕ್ಕಳ ಮರಿಮಕ್ಕಳ ಕಡೆಯವಳು. ನಿಮ್ಮ ಕಾಲದ ಕನ್ನಡವನ್ನು ನಿಮ್ಮದೇ ಮುದ್ರಣಾಲಯದಲ್ಲಿ ಅಚ್ಚಾದ ಲಗ್ನಪತ್ರಿಕೆಗಳನ್ನು ಓದಿ ಕಲಿತಿದ್ದೇನೆ. ಹಾಗಾಗಿ ಅಲ್ಲಲ್ಲಿ ನನ್ನ ಮಾತು ನಿಮ್ಮನ್ನು ಮದುವೆಗೆ ಕರೆದಂತೆ ಕೇಳಿಸಿದರೆ ಕ್ಷಮಿಸಿ. ನಾನು ಕರೆಯುತ್ತಿಲ್ಲ, ಬಯ್ಯುತ್ತಿದ್ದೇನೆ.

ಇದು ಹಿಂಟಪಾಲಿನಲ್ಲಿ ಬಂದ ಕಾಗದ. ಹಿಂಟಪಾಲು ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು. ಒಬ್ಬರು ಜೀವಮಾನದಲ್ಲಿ ಒಂದೇ ಸಲ ಬರೆಯಬಹುದು, ಕಾಗದವೊಂದನ್ನು ಬಿಟ್ಟರೆ ಬೇರೇನನ್ನೂ ಕಳಿಸುವಂತಿಲ್ಲ. ಜನ ಇದನ್ನು ಬಳಸುವುದು ಅಜ್ಜಿಗೆ ಔಷಧಿಯ ಹೆಸರು ತಿಳಿಸಲು, ಮುಳುಗಲಿರುವ ಊರಿನವರನ್ನು ಎಚ್ಚರಿಸಲು. ನಾನು ಕಾರಣ ಹೇಳಿದಾಗ ಟಪಾಲು ಕಚೇರಿಯ ಕಿಟಕಿಯಲ್ಲಿ ಕೂತಿದ್ದವನು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಬರೇ ಸ್ಪೀಕರ್ ಸಲುವಾಗೇನ್ರಿ ಅಕ್ಕಾರ?" ಎಂದ. ಹೌದು, ಬರೇ ಸ್ಪೀಕರ್ ಸಲುವಾಗಿ.

ನಾಳೆ ನಿಮ್ಮ ಮನೆಯಲ್ಲಿ ಹಿರಿಯರು ಕೂತು ಪಾಲು ಮಾಡುತ್ತಾರೆಂಬುದು ನನಗೆ ಗೊತ್ತು. ಮುದ್ರಣಾಲಯ ಒಬ್ಬರಿಗೆ, ಮನೆ ಒಬ್ಬರಿಗೆ. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ತಾಮ್ರದ ಹಂಡೆ, ದೀಪ ಹಚ್ಚುವ ಹಿತ್ತಾಳೆಯ ಸಮೆ, ಕುರ್ಚಿ, ಮಂಚ, ಎಲ್ಲವನ್ನೂ ಎರಡು ರಾಶಿ ಮಾಡಿಕೊಳ್ಳಿ. ಆದರೆ ಸಂಜೆಯ ಹೊತ್ತಿಗೆ ಯಾರೋ ಒಬ್ಬರು ಪಡಸಾಲೆಯ ಮೂಲೆ ನೋಡಿ, "ಇವು ಎರಡ ಅದಾವ, ಒಂದೊಂದು ತಗೋರಿ, ಮುಗೀತು" ಅನ್ನುತ್ತಾರೆ. ನೀವಿಬ್ಬರೂ ತಲೆಯಾಡಿಸುತ್ತೀರಿ. ಇನ್ನೂರು ವರ್ಷಗಳಿಂದ ನಮ್ಮ ವಂಶ ಅನುಭವಿಸುತ್ತಿರುವುದು ಆ ತಲೆಯಾಟವನ್ನು.

ಅಜ್ಜಂದಿರೇ, ಅದು ಎರಡು ಸ್ಪೀಕರ್ ಅಲ್ಲ, ಒಂದು ಜೋಡಿ. ನಿಮ್ಮ ತಂದೆ ಕೊಟ್ರಪ್ಪನವರು ಮುಚ್ಚಿಹೋದ ಟಾಕೀಸಿನಿಂದ ಅವನ್ನು ತಂದು, ಒಂದೇ ಮರದ ಹಲಗೆ ಕೊಯ್ಸಿ ಎರಡಕ್ಕೂ ಪೆಟ್ಟಿಗೆ ಮಾಡಿಸಿದ್ದರು. ಎಡಗಡೆಯ ಪೆಟ್ಟಿಗೆಯಲ್ಲಿ ಅರ್ಧಕ್ಕೆ ನಿಂತ ಮರದ ಗೆರೆ ಬಲಗಡೆಯದರಲ್ಲಿ ಮುಂದುವರಿಯುತ್ತದೆ. ಚಪ್ಪಲಿಯನ್ನು ಒಂದೊಂದು ಹಂಚಿಕೊಳ್ಳುವಿರಾ? ಇದನ್ನು ಕೇಳಲಿಕ್ಕೆಂದೇ ನಾನು ನನ್ನ ಜೀವಮಾನದ ಒಂದು ಕಾಗದವನ್ನು ಖರ್ಚು ಮಾಡುತ್ತಿದ್ದೇನೆ.

ನಮ್ಮ ಕಾಲದ ಬಗ್ಗೆ ಸ್ವಲ್ಪ ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗದು. ಈಗ ಎಲ್ಲರ ಕಿವಿಯಲ್ಲೂ ಒಳಗಿವಿ ಇದೆ. ಜೋಳದ ಕಾಳಿನಷ್ಟು ಸಣ್ಣದು, ಹುಟ್ಟಿದ ವಾರದಲ್ಲೇ ಇಡುತ್ತಾರೆ. ಹಾಡು, ಸುದ್ದಿ, ಪಾಠ ಎಲ್ಲವನ್ನೂ ಅವರವರು ಅವರವರ ಒಳಗೇ ಕೇಳುತ್ತಾರೆ. ಮದುವೆ ಮನೆಗೆ ಹೋದರೆ ಮುನ್ನೂರು ಜನ ಸದ್ದಿಲ್ಲದೆ ಊಟ ಮಾಡುತ್ತಿರುತ್ತಾರೆ, ಒಬ್ಬನಿಗೆ ಶಹನಾಯಿ, ಪಕ್ಕದವನಿಗೆ ಕುಸ್ತಿಯ ವರದಿ. ಒಬ್ಬ ನಕ್ಕರೆ ಏಕೆ ನಕ್ಕನೆಂದು ಇನ್ನೊಬ್ಬನಿಗೆ ತಿಳಿಯದು. ಗಾಳಿಯಲ್ಲಿ ಬಿಟ್ಟು ಎಲ್ಲರೂ ಕೂಡಿ ಕೇಳುವ ಸದ್ದಿಗೆ ನಾವು ಬಯಲುನಾದ ಅನ್ನುತ್ತೇವೆ. ಅದನ್ನು ಮಾಡಬಲ್ಲ ಯಂತ್ರಗಳು ಈ ಜಿಲ್ಲೆಯಲ್ಲಿ ಕೈಬೆರಳೆಣಿಕೆಯಷ್ಟು ಉಳಿದಿವೆ. ಅವನ್ನು ಹುಡುಕಿ ತಂದು, ರಿಪೇರಿ ಮಾಡಿ, ಮತ್ತೆ ಮಾತಾಡಿಸುವುದು ನನ್ನ ಕೆಲಸ. ಕೆಲಸ ಎನ್ನುವುದು ನನ್ನ ಮಾತು, ಮನೆಯವರು ಹುಚ್ಚು ಅನ್ನುತ್ತಾರೆ.

ನಿಮ್ಮ ಕಾಲದವರು ಸ್ಪೀಕರುಗಳಿಗೆ ಮಾಡಿದ್ದನ್ನು ನೆನೆದರೆ ನನಗೆ ಮೈ ಉರಿಯುತ್ತದೆ. ತೇಗದ ಮರಕ್ಕೆ ಬೆಳ್ಳಿ ಬಣ್ಣ ಬಳಿದಿದ್ದೀರಿ. ಜಾಲರಿಗೆ ಮೊಳೆ ಹೊಡೆದು ಕ್ಯಾಲೆಂಡರ್ ತೂಗುಹಾಕಿದ್ದೀರಿ. ಹರಿದದ್ದಕ್ಕೆಲ್ಲ ಸೈಕಲ್ ಅಂಗಡಿಯ ಅಂಟು ಮೆತ್ತಿದ್ದೀರಿ, ಅದನ್ನು ಬಿಡಿಸಲು ನಾನು ಒಂದು ಮಳೆಗಾಲ ಕಳೆದೆ. ಎಲ್ಲಕ್ಕಿಂತ ಹೆಚ್ಚಿನದು ಆಯುಧ ಪೂಜೆ! ಅಚ್ಚಿನ ಯಂತ್ರಕ್ಕೆ ಪೂಜೆ ಮಾಡಿದ ಕೈಯಲ್ಲೇ ಬಂದು ಸ್ಪೀಕರಿನ ಕಾಗದದ ಶಂಕುವಿಗೆ ಒದ್ದೆ ವಿಭೂತಿ ಎಳೆದು, ಕುಂಕುಮ ಇಟ್ಟಿದ್ದೀರಿ. ಸದ್ದು ಹುಟ್ಟುವುದೇ ಆ ತೆಳುವಾದ ಕಾಗದ ನಡುಗುವುದರಿಂದ. ವರ್ಷ ವರ್ಷವೂ ನೆನೆದು ಅದು ಹಪ್ಪಳವಾಗಿದೆ. ಪೆಟ್ಟಿಗೆಯ ಮೇಲೆ ಇಡಬಹುದಿತ್ತಲ್ಲ? ಬಾಯೊಳಗೇ ಇಡಬೇಕಿತ್ತೆ? ಆ ಶಂಕುವನ್ನು ಬದಲಾಯಿಸಲು ಹೋದವಳು ನಿಂತುಬಿಟ್ಟೆ. ಮೊದಲು ವಿಭೂತಿ ಎಳೆದ ಕೊಟ್ರಪ್ಪನವರ ಮೂರು ಬೆರಳಿನ ಗುರುತು ಹಾಗೇ ಇತ್ತು. ಹಿಂದಿನಿಂದ ತೆಳ್ಳನೆಯ ಕಾಗದ ಕೊಟ್ಟು ಗಟ್ಟಿ ಮಾಡಿ, ಬೆಟಗೇರಿಯಲ್ಲಿ ನೇಯಿಸಿದ ಬಟ್ಟೆಯಿಂದ ಅಂಚು ಕಟ್ಟಿದೆ. ಅದು ಈಗ ಹಾಡುತ್ತದೆ. ನನಗೆ ಅದರ ಮೇಲೆ ಎಷ್ಟು ಪ್ರೀತಿ ಎಂದರೆ, ಹೇಳಲು ನಾಚಿಕೆಯಾಗುತ್ತದೆ.

ನನ್ನ ಹತ್ತಿರ ಇರುವುದು ಎಡಗಡೆಯದು, ದೊಡ್ಡಜ್ಜನವರ ಪಾಲು. ಬಲಗಡೆಯದು ಸಣ್ಣಜ್ಜನವರ ಕಡೆಯ ದಾನಮ್ಮ ಎಂಬುವಳ ಮನೆಯಲ್ಲಿದೆ, ಇಲ್ಲಿಂದ ಮೂರು ಓಣಿ ಆಚೆ. ಅವರ ಮನೆಯವರು ತಲೆಮಾರುಗಳ ಕಾಲ ಅದರ ಮೇಲೆ ದೇವರ ದೀಪ ಇಟ್ಟು ಮರಕ್ಕೆ ಎಣ್ಣೆ ಕುಡಿಸಿದ್ದಾರೆ. ಆದರೂ ಆಕೆ ಅದನ್ನು ಬಿಚ್ಚಿ, ಒರೆಸಿ, ಸುರುಳಿಗೆ ಹೊಸ ತಂತಿ ಸುತ್ತಿ, ಚೆನ್ನಾಗಿಯೇ ರಿಪೇರಿ ಮಾಡಿದ್ದಾಳೆ. ಅದನ್ನು ಒಪ್ಪಿಕೊಳ್ಳುವುದು ನನಗೆ ಸಂಕಟದ ವಿಷಯ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಕಾಂತದ ಬರ ಬಂದಿದೆ. ಬಾವಿಯ ಪಂಪುಗಳಿಗೆ ಬೇಕಾದ ಅಯಸ್ಕಾಂತ ಸಿಗುತ್ತಿಲ್ಲ. ಅದಕ್ಕಾಗಿ ಹಳೆಯ ಸ್ಪೀಕರುಗಳನ್ನು ಒಡೆದು, ಒಳಗಿನ ಕಾಂತವನ್ನು ಕರಗಿಸಲು ಒಯ್ಯುತ್ತಾರೆ. ಜನರಿಗೆ ನೀರು ಬೇಕು, ಬೇಡವೆನ್ನಲು ನಾನು ಯಾರು? ಆದರೆ ಒಂದು ವಿನಾಯಿತಿ ಇದೆ. ಹಾಡಬಲ್ಲ ಪೂರ್ಣ ಜೋಡಿ ಒಂದೇ ಮನೆಯಲ್ಲಿದ್ದರೆ ಅದನ್ನು ಊರಿನ ಆಸ್ತಿ ಎಂದು ಉಳಿಸುತ್ತಾರೆ, ಒಂಟಿಯಾಗಿದ್ದರೆ ಗುಜರಿ. ಕಾಂತದವರು ನಾಳೆ ಮಧ್ಯಾಹ್ನ ನಮ್ಮ ಓಣಿಗೆ ಬರುತ್ತಾರೆ.

ನಾನು ದಾನಮ್ಮನ ಮನೆಗೆ ಹೋಗಿ ವಿನಯವಾಗಿಯೇ ಕೇಳಿದೆ. ಆಕೆ ಬಾಗಿಲಲ್ಲೇ ನಿಂತು, "ಅದು ನಮ್ಮ ಪಾಲಿಗೆ ಬಂದದ್ದು. ಕರಗಿದ್ರ ಕರಗ್ಲಿ, ದೊಡ್ಡವರ ಮನ್ಯಾಗ ಮಾತ್ರ ಹಾಡೂದು ಬ್ಯಾಡ. ಬೇಕಾದ್ರ ನಿಂದು ತಂದು ಇಲ್ಲಿಡು" ಅಂದಳು. ನೋಡಿದಿರಾ? ಇನ್ನೂರು ವರ್ಷಗಳಲ್ಲಿ ತಿಂಗಳು ಬದಲಾಯಿತು, ಕಿವಿ ಬದಲಾಯಿತು, ಜಗಳದ ಮಾತು ಮಾತ್ರ ಒಂದಕ್ಷರ ಬದಲಾಗಿಲ್ಲ. ನೀವಿಬ್ಬರೂ ಏಕೆ ಮಾತು ಬಿಟ್ಟಿರೆಂದು ಆಕೆಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿಮಗಾದರೂ ಗೊತ್ತಿದೆಯೋ ಇಲ್ಲವೋ. ನಾನೇನು ಹೇಳಿದೆ ಗೊತ್ತೇ? "ದೊಡ್ಡವರ ಪಾಲು ಸಣ್ಣವರ ಮನಿಗೆ ಹೊತಗೊಂಡು ಬರಬೇಕೇನು?" ಎಂದು ತಿರುಗಿ ಬಂದೆ. ನಗಬೇಡಿ. ಈ ರೋಗ ನಿಮ್ಮಿಂದಲೇ ಬಂದದ್ದು.

ಒಂದು ವಿಷಯ ನಿಮಗೆ ಮರೆತುಹೋಗಿರಬಹುದು. ಸ್ಪೀಕರ್ ತಂದ ದಿನ ಕೊಟ್ರಪ್ಪನವರು ಪರೀಕ್ಷೆಗೆಂದು ನಿಮ್ಮನ್ನು ಮುದ್ರಣಾಲಯದ ಎರಡು ತುದಿಗೆ ನಿಲ್ಲಿಸಿ, ಎರಡು ಮೈಕ್ ಇಟ್ಟು, ಟೇಪಿನಲ್ಲಿ ನಿಮ್ಮ ಧ್ವನಿ ಹಿಡಿದಿದ್ದರು. ಆ ಟೇಪು ನನ್ನ ಬಳಿ ಇದೆ. ನನ್ನ ಪೆಟ್ಟಿಗೆಯಲ್ಲಿ ದೊಡ್ಡಜ್ಜನವರ ಎಳೆಯ ಧ್ವನಿ ಕೂಗುತ್ತದೆ: "ಮುರಿಗ್ಯಾ, ಕೇಳಸ್ತದೇನೋ?" ಆಮೇಲೆ ಬರೀ ಮೌನ. ಮತ್ತೆ, "ಕೇಳಸ್ತದೇನೋ?" ಉತ್ತರ ಬರುವುದು ಬಲಗಡೆಯ ಪೆಟ್ಟಿಗೆಯಿಂದ. ತಂತಿ ಕೂಡಿಸಿ ಎರಡನ್ನೂ ಒಂದರಲ್ಲೇ ಕೇಳಬಹುದು, ಕೇಳಿದ್ದೇನೆ ಕೂಡ. ಒಬ್ಬನೇ ಹುಡುಗ ತನ್ನನ್ನು ತಾನೇ ಮಾತಾಡಿಸಿಕೊಂಡಂತಿತ್ತು. ತಡೆಯಲಾಗದೆ ನಿಲ್ಲಿಸಿದೆ. ಕೋಣೆಯ ಆಚೆ ತುದಿಯಿಂದ ತಮ್ಮ ಓಗೊಡುವುದನ್ನು ನಾನು ಒಂದು ಸಲ ಕೇಳಬೇಕು. ನನಗೆ ಬೇಕಿರುವುದು ಇಷ್ಟೇ.

ಆದ್ದರಿಂದ ನನ್ನ ವಿನಂತಿ. ನಾಳೆ ಆ ಮಾತು ಬಂದಾಗ ತಲೆಯಾಡಿಸಬೇಡಿ. ನಿಮ್ಮಲ್ಲಿ ಯಾರಾದರೂ ಒಬ್ಬರು ಎರಡನ್ನೂ ಇಟ್ಟುಕೊಳ್ಳಿ. ಬಿಟ್ಟುಕೊಟ್ಟವರಿಗೆ ಹಾಡು ಕೇಳಬೇಕೆನಿಸಿದರೆ ಇನ್ನೊಬ್ಬರ ಮನೆಗೆ ಹೋಗಬೇಕಾಗುತ್ತದೆ. ಹೋದರೆ ಒಂದು ಕಪ್ ಚಹಾ ಕೊಡಲೇಬೇಕಾಗುತ್ತದೆ. ಚಹಾ ಕುಡಿದವರು ಮಾತು ಬಿಡುವುದು ಕಷ್ಟ.

ಕಾಗದ ತಲುಪಿದ್ದರೆ ನಾಳೆ ಬೆಳಗ್ಗೆ ನಾನು ಎದ್ದಾಗ ನನ್ನ ಪಡಸಾಲೆಯಲ್ಲಿ ಎರಡು ಪೆಟ್ಟಿಗೆ ಇರುತ್ತವೆ, ಅಥವಾ ಒಂದೂ ಇರುವುದಿಲ್ಲ. ಎರಡರಲ್ಲಿ ಯಾವುದಾದರೂ ಸರಿ. ಒಂದೇ ಇದ್ದರೆ, ನೀವು ಓದಲಿಲ್ಲ, ಅಥವಾ ಓದಿಯೂ ನಿಮ್ಮ ಹಟವನ್ನೇ ಸಾಧಿಸಿದಿರಿ ಎಂದು ತಿಳಿಯುತ್ತೇನೆ. ಆಗ ಬೇರೆ ದಾರಿಯಿಲ್ಲ. ದೊಡ್ಡವರ ಪಾಲನ್ನು ನಾನೇ ಹೊತ್ತು, ಊರೆಲ್ಲ ನೋಡುವಂತೆ ಮೂರು ಓಣಿ ದಾಟಿ, ದಾನಮ್ಮನ ಬಾಗಿಲಲ್ಲಿ ಇಳಿಸಬೇಕು. ಅದು ನನಗೆ ಸುತರಾಂ ಇಷ್ಟವಿಲ್ಲ. ಆ ಹೆಣ್ಣುಮಗಳು ತಾನು ಗೆದ್ದೆನೆಂದು ನಗುತ್ತಾಳೆ. ದಯಮಾಡಿ ನನ್ನನ್ನು ಆ ಸ್ಥಿತಿಗೆ ತರಬೇಡಿ.

ಟೇಪನ್ನು ಸೀರೆಯ ಗಂಟಿನಲ್ಲಿ ಕಟ್ಟಿಕೊಂಡಿದ್ದೇನೆ. ಪೆಟ್ಟಿಗೆಗೂ ಆಗಲೇ ಕಂಬಳಿ ಸುತ್ತಿ ಇಟ್ಟಿದ್ದೇನೆ.

ಇಂತಿ ನಿಮ್ಮ ಮೇಲೆ ಸಿಟ್ಟು ಇಳಿಯದ,
ನೀಲವ್ವ