ಯಾರೂ ಮಾತಾಡದ ಇನ್ನಿಂಗ್ಸ್

ದೋಹಾ ಅಲ್ ಜದೀದಾ,
ಶುಕ್ರವಾರ, 21 ನವೆಂಬರ್ 2025

ಪ್ರೀತಿಯ ಅಕ್ಷಯಾ,

ಹೇಗಿದ್ದೀ? ಹಾಲು ಕಟ್ಟಿ ಬಂದ ಜ್ವರ ಇಳಿಯಿತೇ? ಅತ್ತೆಯವರಲ್ಲಿ ಕೇಳಿದರೆ ಯಾವಾಗಲೂ ಒಂದೇ ಉತ್ತರ, "ಅವಳು ಹುಷಾರಿದ್ದಾಳೆ, ನೀವು ತಲೆಬಿಸಿ ಮಾಡ್ಬೇಡಿ." ಅವರು ಹುಷಾರು ಎಂದಷ್ಟೂ ನನಗೆ ತಲೆಬಿಸಿ ಜಾಸ್ತಿ. ದಿನಾ ಎಣ್ಣೆ ಹಚ್ಚಿ ಬಿಸಿನೀರು ಹಾಕುತ್ತಿದ್ದಾರೆ, ಲೇಹ ಮಾಡಿಟ್ಟಿದ್ದಾರೆ ಎಂದು ಮಾವ ಹೇಳಿದರು. ಮಗು ಇಲ್ಲದ ಬಾಣಂತಿಗೆ ಲೇಹ ಯಾಕೆ ಎಂದು ನೀನು ಬಟ್ಟಲು ಆಚೆ ದೂಡಿದ್ದನ್ನೂ ಹೇಳಿದರು. ತಿನ್ನು ಮಾರಾಯ್ತಿ. ಹೆತ್ತ ಮೈ ಹೆತ್ತದ್ದೇ ಅಲ್ಲವೇ. ನನ್ನ ಮೇಲೆ ಸಿಟ್ಟಿದ್ದರೆ ನನ್ನ ಮೇಲೆ ತೀರಿಸು, ಬಟ್ಟಲಿನ ಮೇಲೆ ಬೇಡ.

ನಾನು ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಮದುವೆಗೆ ಮುಂಚೆಯೂ ಬರೆದವನಲ್ಲ. ಮನೆಯಲ್ಲಿ ತುಳು ಮಾತಾಡುವ ನಾವು ಪೆನ್ನು ಹಿಡಿದ ಕೂಡಲೇ ಕನ್ನಡ ಪರೀಕ್ಷೆಗೆ ಕೂತವರ ಹಾಗೆ ಆಗುತ್ತೇವೆ. ಆದರೆ ಬೇರೆ ದಾರಿ ಕಾಣಲಿಲ್ಲ. ಊರಿಂದ ನಾನು ಹಿಂದಿರುಗಿದ ಮೇಲೆ ನೀನು ಫೋನಿಗೆ ಬಂದದ್ದು ಒಂದೇ ಸಲ, ಮೊನ್ನೆ ಬುಧವಾರ. ಹಲೋ ಇಲ್ಲ, ಊಟ ಆಯಿತಾ ಇಲ್ಲ. "ಅವಳು ಯಾರ ಹಾಗೆ ಇದ್ದಳು? ನೀವು ನೋಡಿದ್ದೀರಲ್ಲ, ಹೇಳಿ" ಎಂದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು ಫೋನ್ ತೆಗೆದುಕೊಂಡು, "ಅದೆಲ್ಲ ಈಗ ಎಬ್ಬಿಸ್ಬೇಡಿ, ಅವಳು ಮರೀಲಿ" ಎಂದರು. ಆಮೇಲೆ ನಿನ್ನ ಫೋನ್ ಸ್ವಿಚ್ ಆಫ್. ಅದು ಅವರ ಬೀರುವಿನಲ್ಲಿ ಇದೆಯೆಂದು ನನಗೆ ಗೊತ್ತು. ಹಾಗಾಗಿ ಕೆಳಗಿನ ಫ್ಲ್ಯಾಟಿನ ಫಿಯೋನಾ ಇವತ್ತು ರಜೆಯಲ್ಲಿ ಕಿನ್ನಿಗೋಳಿಗೆ ಹೊರಟಿರುವಾಗ, ಇದನ್ನು ನಿನ್ನ ಕೈಯಲ್ಲೇ ಕೊಡಬೇಕೆಂದು ಕೇಳಿಕೊಂಡಿದ್ದೇನೆ. ನಿನ್ನನ್ನು ಕಾಣದೆ ನಿಮ್ಮ ಮುಲ್ಕಿ ದಾಟುವುದಿಲ್ಲ ಎಂದಿದ್ದಾಳೆ.

ನೀನು ಕೇಳಿದ್ದಕ್ಕೆ ಉತ್ತರ ಬರೆಯಲೆಂದೇ ಬೆಳಿಗ್ಗೆಯಿಂದ ಕೂತಿದ್ದೇನೆ. ಪೆನ್ನು ಅಲ್ಲಿಗೆ ಹೋಗುವುದಿಲ್ಲ. ಬೇರೆ ಬೇರೆ ಸುದ್ದಿಗಳೇ ಬರುತ್ತವೆ. ಬಾಲ್ಕನಿಯ ಕರಿಬೇವು ಚಿಗುರಿದೆ. ಮೆಸಯೀದ್‌ನಲ್ಲಿ ರಿಪೇರಿಗೆಂದು ಪ್ಲಾಂಟ್ ಶಟ್‌ಡೌನ್ ನಡೆಯುತ್ತಿದೆ, ಕಂಪೆನಿ ಬಸ್ಸು ಕತ್ತಲಿರುವಾಗಲೇ ಬರುತ್ತದೆ, ಫೋರ್‌ಮನ್ ಎಲ್ಲದಕ್ಕೂ ಯಲ್ಲಾ ಯಲ್ಲಾ ಎಂದು ಅವಸರ. ಅಡುಗೆ ಎಂದರೆ ಗಂಜಿ, ಉಪ್ಪಿನಕಾಯಿ. ನಿನ್ನ ಇಸ್ತ್ರಿಪೆಟ್ಟಿಗೆಯಿಂದ ಒಂದು ಅಂಗಿ ಸುಟ್ಟೆ. ನೀಲಿಯದ್ದು, ನಿನಗೆ ಹೇಗೂ ಆಗುತ್ತಿರಲಿಲ್ಲ ಅದು.

ಬೇಸ್‌ಬಾಲ್ ಸುದ್ದಿ ಬರೆದರೆ ನೀನು ಕಾಗದ ಹರಿದು ಹಾಕುತ್ತೀಯೋ ಏನೋ. ಆದರೂ ಬರೆಯಬೇಕು, ಅದನ್ನು ಬಿಟ್ಟು ಹೋದರೆ ಈ ಸಂಗತಿ ಅರ್ಥವಾಗುವುದಿಲ್ಲ. ಕಂಪೆನಿಯ ಫಿಲಿಪ್ಪೀನ್ಸ್‌ನವರು, ಜಪಾನಿನವರು ಸೇರಿ ಶುಕ್ರವಾರ ಬೆಳಿಗ್ಗೆ ಆಡುವ ಆಟಕ್ಕೆ ಸ್ಕೋರ್ ಬರೆಯುವವನು ಬೇಕೆಂದು ನನ್ನನ್ನು ಎಳೆದುಕೊಂಡು ಹೋದದ್ದು, ನಾನು ಅದರ ಹುಚ್ಚು ಹಿಡಿಸಿಕೊಂಡದ್ದು ನಿನಗೆ ಗೊತ್ತೇ ಉಂಟು. ಮೊದಲ ದಿನ ಬಂದು ನೋಡಿ ನೀನು ನಕ್ಕ ನಗು! "ಇದೆಂಥ ಆಟ ಮಾರಾಯ್ರೆ, ಹೊಡೆದ ಮೇಲೆ ಬ್ಯಾಟು ಬಿಸಾಡಿ ಓಡ್ತಾರಲ್ಲ, ನಮ್ಮೂರಲ್ಲಾದ್ರೆ ಯಾರಾದ್ರೂ ಎತ್ತಿಕೊಂಡು ಹೋಗ್ತಿದ್ರು." ಆಮೇಲೆ ಗುರುವಾರ ಸಂಜೆ ನಮ್ಮ ಹಾಲಿನಲ್ಲಿ ನಾನು ಶುರು ಮಾಡಿದ ಕ್ವಿಜ್. ಬೇಸ್‌ಬಾಲ್ ಎಂದರೆ ಏನೆಂದೇ ಗೊತ್ತಿಲ್ಲದವರಿಗೆ ಬೇಸ್‌ಬಾಲ್ ದಾಖಲೆಗಳ ಪ್ರಶ್ನೆ, ಸರಿ ಉತ್ತರಕ್ಕೆ ನಿನ್ನ ಗೋಳಿಬಜೆ. ಜನ ಬರುತ್ತಿದ್ದದ್ದು ಯಾವುದಕ್ಕೆ ಎಂದು ನನಗೂ ಗೊತ್ತಿತ್ತು ಬಿಡು. ಒಬ್ಬನೇ ಆಟಗಾರ ಹದಿನಾರು ವರ್ಷ ಒಂದು ಪಂದ್ಯವನ್ನೂ ತಪ್ಪಿಸದೆ ಎರಡು ಸಾವಿರದ ಆರುನೂರ ಮೂವತ್ತೆರಡು ಪಂದ್ಯ ಆಡಿದ ಎಂದು ನಾನು ಹೇಳಿದಾಗ ನೀನು ಅಡುಗೆಮನೆಯಿಂದಲೇ, "ಪಾಪ, ಅವನಿಗೂ ಇವರ ಕಂಪೆನಿಯಲ್ಲೇ ಕೆಲಸವೋ?" ಎಂದು ಕೇಳಿದ್ದೆ. ಮೂರೂವರೆ ಅಡಿ ಎತ್ತರದವನನ್ನು ಒಮ್ಮೆ ಬ್ಯಾಟಿಂಗಿಗೆ ಇಳಿಸಿದಾಗ ಅವನಿಗೆ ಸರಿಯಾಗಿ ಎಸೆಯಲಾಗದೆ ಎದುರಾಳಿ ಎಸೆತಗಾರ ಕಂಗಾಲಾದ ಕತೆ ನಿನಗೆ ಬಹಳ ಇಷ್ಟ. ತಪ್ಪಿ ಬಂದ ನಾಲ್ಕು ಚೆಂಡು ನೋಡಿ, ಬ್ಯಾಟು ಬೀಸದೆ, ಉಳಿದವರು ಓಡಿ ಮುಟ್ಟಬೇಕಾದ ಮೊದಲ ಬೇಸ್‌ಗೆ ನಡೆದೇ ಹೋದನಲ್ಲ ಅವನು. ಅದನ್ನು ಬಂದವರಿಗೆಲ್ಲ ನಟಿಸಿ ತೋರಿಸುತ್ತಿದ್ದೆ.

ಮುಝಮ್ಮಿಲ್ ಆಡಿದ ಆ ಪಂದ್ಯ ನೆನಪಿದೆಯೇ? ನಮ್ಮ ಉಳ್ಳಾಲದ ಮುಝಮ್ಮಿಲ್, ನನ್ನದೇ ಶಿಫ್ಟಿನವನು, ನಮ್ಮ ತಂಡದಲ್ಲಿ ಚೆಂಡು ಎಸೆಯುವ ಪಿಚರ್. ಅವತ್ತು ಅವನೆಸೆದ ಚೆಂಡನ್ನು ಹೊಡೆದು ಬೇಸ್ ಮುಟ್ಟಲು ಎದುರಿನವರಲ್ಲಿ ಒಬ್ಬನಿಗೂ ಆಗಲಿಲ್ಲ. ಇನ್ನಿಂಗ್ಸ್ ಮೇಲೆ ಇನ್ನಿಂಗ್ಸ್ ಹಾಗೆಯೇ ಹೋಯಿತು. ಅಂಥ ದಿನ ಪಿಚರ್ ಹತ್ತಿರ ಯಾರೂ ಮಾತಾಡಬಾರದು, ಪಕ್ಕದಲ್ಲಿ ಕೂಡ ಕೂರಬಾರದು, ಆಗುತ್ತಿರುವುದರ ಹೆಸರನ್ನು ಬಾಯಲ್ಲಿ ಎತ್ತಲೇಬಾರದು. ಎತ್ತಿದರೆ ಕೈ ತಪ್ಪುತ್ತದಂತೆ. ಬೇಸ್‌ಬಾಲಿನಲ್ಲಿ ಬಹಳ ಹಳೆಯ ಕಟ್ಟುಪಾಡು ಅದು, ಅಮೆರಿಕದ ದೊಡ್ಡ ದೊಡ್ಡ ಆಟಗಾರರೂ ಪಾಲಿಸುತ್ತಾರೆ. ತಗಡಿನ ನೆರಳಿನ ಬೆಂಚಿನಲ್ಲಿ ಅವನೊಬ್ಬ ಒಂದು ತುದಿಗೆ, ಉಳಿದವರೆಲ್ಲ ಇನ್ನೊಂದು ತುದಿಗೆ. ನೀನು ಅವನಿಗೆ ನೀರು ಕೊಡಲು ಹೊರಟಾಗ ನಾನು ಸೆರಗು ಹಿಡಿದು ನಿಲ್ಲಿಸಿದ್ದೆ. ಕೊನೆಯ ಇನ್ನಿಂಗ್ಸಿನಲ್ಲಿ ಜಪಾನಿನವನೊಬ್ಬ ಮೆಲ್ಲಗೆ ಒಂದು ಚೆಂಡು ತಟ್ಟಿ ಓಡಿಬಿಟ್ಟ, ಖಲಾಸ್. ಅಷ್ಟು ಹೊತ್ತು ದೂರ ನಿಂತವರೆಲ್ಲ ಓಡಿಹೋಗಿ ಮುಝಮ್ಮಿಲನನ್ನು ತಬ್ಬಿಕೊಂಡರು, ಬೆನ್ನು ತಟ್ಟಿದರು, ಒಬ್ಬರ ಮೇಲೊಬ್ಬರು ಮಾತಾಡಿದರು.

ಮತ್ತೆ ಕೆಲವು ತಿಂಗಳಿಗೆ, ಎರಡು ಸಲ ಕಳಕೊಂಡ ಮೇಲೆ, ಡಾಕ್ಟರು ಮೂರನೆಯ ಸಲ ಹೌದು ಎಂದಾಗ ನೀನು ಕಾರಿನಲ್ಲಿ ತುಟಿಯ ಮೇಲೆ ಬೆರಳಿಟ್ಟೆ. "ಈ ಸಲ ಮುಝಮ್ಮಿಲ್ ಬೆಂಚು. ಒಂದಕ್ಷರ ಇಲ್ಲ. ನಮ್ಮಿಬ್ಬರೊಳಗೂ ಇಲ್ಲ" ಎಂದೆ. ಇಬ್ಬರೂ ನಗುತ್ತಲೇ ಒಪ್ಪಿದೆವು. ನಗುತ್ತಲೇ ಶುರುವಾದದ್ದು ನೋಡು, ಕೊನೆಗೆ ಎಂಥ ಗಟ್ಟಿಯಾಗಿ ಹಿಡಿದುಕೊಂಡೆವು. ಫಿಯೋನಾಗೆ ಹೇಳಲಿಲ್ಲ, ನೀನು ಸಡಿಲ ಚೂಡಿದಾರಿನಲ್ಲೇ ಓಡಾಡಿದೆ. ಮನೆಯಲ್ಲಿ ಅದಕ್ಕೆ "ಆ ವಿಷಯ" ಎಂದಷ್ಟೇ ಹೆಸರು. ಏಳನೆಯ ತಿಂಗಳಲ್ಲಿ ನೀನು ಊರಿಗೆ ಹೋದಾಗ ಅತ್ತೆಯವರು ಬಯಕೆ ಶಾಸ್ತ್ರ ಮಾಡುತ್ತೇನೆ, ಹಸಿರು ಸೀರೆ ಉಡಿಸಿ ಮಲ್ಲಿಗೆ ಮುಡಿಸುತ್ತೇನೆ ಎಂದು ಕಾಲುಹಿಡಿಯುವುದೊಂದು ಬಾಕಿ. ನೀನು ಬೇಡವೆಂದೆ. ನಾನೂ ಇಲ್ಲಿಂದ ಫೋನಿನಲ್ಲಿ ಬೇಡವೆಂದೆ. ಒಂದು ಅಂಗಿ ಹೊಲಿಸಲಿಲ್ಲ, ಒಂದು ಹೆಸರು ನೋಡಿಡಲಿಲ್ಲ. ಎಲ್ಲ ಆಮೇಲೆ, ಆಮೇಲೆ.

ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿನಗೆ ಔಷಧಿಯ ನಿದ್ದೆ. ಮಾವ ಆಸ್ಪತ್ರೆಯ ಮೆಟ್ಟಿಲಲ್ಲಿ ಪಂಚೆ ಎತ್ತಿಕಟ್ಟದೆ, ಹಾಗೇ ನೆಲಕ್ಕೆ ಒರೆಸುತ್ತಾ ನಿಂತಿದ್ದರು. ತಾಯಿಗೆ ತೋರಿಸಬಾರದು, ತೋರಿಸಿದರೆ ಮನಸ್ಸಿನಿಂದ ಹೋಗುವುದಿಲ್ಲ ಎಂದು ಹಿರಿಯರು ಅದಾಗಲೇ ಮಾತಾಡಿಯಾಗಿತ್ತು. ನೀನು ಎದ್ದ ಮೇಲೆ ಒಮ್ಮೆ ಮಗುವನ್ನು ಕೈಗೆ ಕೊಡೋಣ ಎಂದು ನಾನು ಎರಡು ಸಲ ಹೇಳಿದೆ. ಜಗಳವನ್ನೇ ಆಡಿದೆ ಎನ್ನು. ಆ ಕಾರಿಡಾರಿನಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಮಾವ ಮತ್ತು ನಾನು ಇಬ್ಬರೇ ಹೋಗಿ ಮಣ್ಣು ಮಾಡಿ ಬಂದೆವು. ಅತ್ತೆಯವರ ಮೇಲೆ ಸಿಟ್ಟು ಮಾಡಬೇಡ, ಅಕ್ಷಯಾ. ನಿನ್ನನ್ನು ಉಳಿಸಿಕೊಳ್ಳಲಿಕ್ಕೆ ಅವರಿಗೆ ಗೊತ್ತಿರುವ ದಾರಿ ಅದೊಂದೇ. ಬಯಕೆಗೆಂದು ತಂದಿಟ್ಟ ಹಸಿರು ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಅವರು ಅತ್ತದ್ದನ್ನು ನಾನು ಬಾಗಿಲಲ್ಲಿ ನಿಂತು ಕಂಡಿದ್ದೇನೆ. ನನಗೆ ಅವರ ಮೇಲೆ ಸಿಟ್ಟಿಲ್ಲ ಎಂದಲ್ಲ, ಉಂಟು. ಎರಡೂ ಉಂಟು.

ರಜೆ ಮುಗಿಸಿ ಇಲ್ಲಿಗೆ ಬಂದರೆ ಯಾರಿಗೂ ಏನೂ ಗೊತ್ತಿಲ್ಲ. ಮಗು ಬರುವುದೇ ಗೊತ್ತಿಲ್ಲದವರಿಗೆ ಹೋದದ್ದು ಹೇಗೆ ಗೊತ್ತಾಗಬೇಕು? ಬಸ್ಸಿನಲ್ಲಿ ಮುಝಮ್ಮಿಲ್, "ಊರಲ್ಲೆಲ್ಲ ಆರಾಮಾ?" ಎಂದ. ಆರಾಮ್ ಎಂದೆ. ಕ್ವಿಜ್ ಯಾಕೆ ನಿಲ್ಲಿಸಿದಿರಿ ಎಂದು ಎಲ್ಲರೂ ಕೇಳಿ ಕೇಳಿ, ಹೋದ ವಾರ ಗುರುವಾರ ಸುಮ್ಮನೆ ಶುರು ಮಾಡಿದೆ, ಅಂಗಡಿಯ ಸಮೋಸ ತರಿಸಿ. ಪ್ರಶ್ನೆಗಳು ನೀನಿರುವಾಗಲೇ ಬರೆದಿಟ್ಟದ್ದು. ಮೂರನೆಯ ಚೀಟಿ ತೆಗೆದು ಓದಿದೆ. ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ ಪಿಟ್ಸ್‌ಬರ್ಗ್ ತಂಡದ ಯಾವ ಪಿಚರ್ ಹನ್ನೆರಡು ಇನ್ನಿಂಗ್ಸ್ ಒಬ್ಬನನ್ನೂ ಬೇಸ್ ಮುಟ್ಟಲು ಬಿಡದೆ ಹದಿಮೂರನೆಯದರಲ್ಲಿ ಸೋತ? ಉತ್ತರ ಹಾರ್ವೆ ಹ್ಯಾಡಿಕ್ಸ್. ಯಾರಿಗೂ ಬರಲಿಲ್ಲ, ನಾನೇ ಹೇಳಿದೆ. ಚೀಟಿಯ ಹಿಂದೆ ವಿವರಣೆ ಇತ್ತು, ಅದನ್ನೂ ಓದಿದೆ. ಒಂಬತ್ತು ಇನ್ನಿಂಗ್ಸಿಗೆ ಮುಗಿಯುವ ಆಟ ಅದು, ಅವನ ತಂಡದವರು ಒಂದು ರನ್ನೂ ಮಾಡದ್ದಕ್ಕೆ ಮುಂದುವರಿಯಿತು. ಎಷ್ಟೋ ವರ್ಷಗಳ ಮೇಲೆ ಒಂದು ಸಮಿತಿ ಕೂತು ನಿಯಮ ಬದಲಿಸಿ, ಕೊನೆತನಕ ನಿಲ್ಲದ್ದು ಲೆಕ್ಕಕ್ಕಿಲ್ಲ ಎಂದು ಪರಿಪೂರ್ಣ ಆಟಗಳ ಪಟ್ಟಿಯಿಂದ ಅದನ್ನು ತೆಗೆದುಹಾಕಿತು. ಲೆಕ್ಕಕ್ಕಿಲ್ಲ ಎಂಬಲ್ಲಿಗೆ ಬಂದಾಗ ಚೀಟಿ ಕೆಳಗಿಟ್ಟೆ. ಸಮೋಸ ತಿನ್ನುತ್ತಿದ್ದವರ ಎದುರಿಗೆ, ಇಷ್ಟು ದೊಡ್ಡ ಗಂಡಸು, ಬಾಯಿಬಿಟ್ಟು ಅತ್ತೆ. ಹ್ಯಾಡಿಕ್ಸಿಗೆ ಇಷ್ಟು ಅಳುವುದಾ ಎಂದು ಯಾರೋ ತಮಾಷೆ ಮಾಡಿದರು, ಪಾಪ, ಅವರಿಗೇನು ಗೊತ್ತು. ಆಮೇಲೆ ಹೇಳಿದೆ. ಎಲ್ಲವನ್ನೂ ಹೇಳಿಬಿಟ್ಟೆ. ನಿನ್ನನ್ನು ಕೇಳದೆ ಹೇಳಿದ್ದಕ್ಕೆ ಬೇಕಾದರೆ ಬಯ್ಯಿ.

ಫಿಯೋನಾ ಮೊದಲು ಬೈದಳು, ಆಮೇಲೆ ಅತ್ತಳು. "ನಾನು ಕೆಳಗಿನ ಮನೆಯಲ್ಲೇ ಸತ್ತಿದ್ದೆನಾ? ನನಗೊಂದು ಮಾತು ಹೇಳ್ಲಿಕ್ಕೆ ಏನಾಗಿತ್ತು ನಿಮಗಿಬ್ಬರಿಗೆ?" ಎಂದಳು. ಎಲ್ಲರೂ ಹೋದ ಮೇಲೂ ಮುಝಮ್ಮಿಲ್ ಕೂತೇ ಇದ್ದ. ಆ ಬೆಂಚಿನ ಕತೆ, ನಿನ್ನ ತುಟಿಯ ಮೇಲಿನ ಬೆರಳು, ಎಲ್ಲ ಕೇಳಿ ತಲೆ ಅಲ್ಲಾಡಿಸಿದ. "ಅವತ್ತು ಬೆಂಚಲ್ಲಿ ಒಬ್ಬನೇ ಕೂತಾಗ ನನಗೆ ಎಂಥ ಆಗ್ತಿತ್ತು ಗೊತ್ತುಂಟಾ ಯಜ್ಞೇಶಣ್ಣ? ಚೆಂಡು ತಪ್ಪಿದ್ರೆ ತಪ್ಪಲಿ, ಯಾರಾದ್ರೂ ಬಂದು ನನ್ನ ಹತ್ರ ಒಂದು ಮಾತಾಡಿದ್ರೆ ಸಾಕು ಅಂತ ಆಗ್ತಿತ್ತು" ಎಂದ. ಅದನ್ನು ನಾನು ಯಾವತ್ತೂ ಯೋಚಿಸಿರಲಿಲ್ಲ. ಬುಧವಾರ ನೀನು ಫೋನಿನಲ್ಲಿ ಆ ಒಂದು ಪ್ರಶ್ನೆ ಕೇಳಿದಾಗ ನನಗೆ ಕಂಡದ್ದು ಆ ಬೆಂಚಿನ ತುದಿಯಲ್ಲಿ ಕೂತ ನೀನು. ಸುತ್ತ ಎಲ್ಲರೂ ನಿನ್ನ ಒಳ್ಳೆಯದಕ್ಕೇ ಬಾಯಿ ಮುಚ್ಚಿಕೊಂಡು ದೂರ ನಿಂತಿದ್ದಾರೆ. ನಾನಂತೂ ಸಮುದ್ರ ದಾಟಿ ನಿಂತಿದ್ದೇನೆ.

ಬೇಗ ಬಾ ಎಂದು ನಾನು ಹೇಳುವುದಿಲ್ಲ. ಮೈಗೆ ಬಲ ಬರಲಿ, ಮನಸ್ಸಾಗಲಿ, ಆಗ ಬಾ. ಬಾರದಿದ್ದರೆ ಶಟ್‌ಡೌನ್ ಮುಗಿದ ಕೂಡಲೇ ನಾನೇ ಬರುತ್ತೇನೆ, ಫೋರ್‌ಮನ್ ರಜೆ ಮಾಫಿ, ಇಲ್ಲವೇ ಇಲ್ಲ ಎಂದರೂ ಬರುತ್ತೇನೆ. ಅತ್ತೆಯವರಿಗೆ, ಮಾವನಿಗೆ ನನ್ನ ನಮಸ್ಕಾರ ತಿಳಿಸು. ಫಿಯೋನಾ ಮುಂದೆ ಅಳು ಬಂದರೆ ತಡೆದುಕೊಳ್ಳಬೇಡ. ದೇವರು ನಿನ್ನನ್ನು ಕಾಪಾಡಲಿ ಎಂದು ಬರೆಯಲು ಕೈ ಹಿಂದೆಮುಂದೆ ನೋಡುತ್ತದೆ, ಆದರೂ ಬರೆದಿದ್ದೇನೆ.

ನಿನ್ನವನೇ ಆದ,
ಯಜ್ಞೇಶ್

ತಾ.ಕ.: ಕೆಳಗೆ ಫಿಯೋನಾಳ ಗಂಡ ಹಾರ್ನ್ ಹಾಕುತ್ತಿದ್ದಾರೆ, ಏರ್‌ಪೋರ್ಟಿಗೆ ತಡವಾಯಿತು. ಇಷ್ಟು ಪುಟ ಬರೆದೂ ನೀನು ಕೇಳಿದ್ದನ್ನು ಬರೆಯಲೇ ಇಲ್ಲ ನೋಡು. ಅವಳು ನಿನ್ನ ಹಾಗೆ ಇದ್ದಳು. ಪೂರ್ತಿ ನಿನ್ನ ಹಾಗೆ. ತಲೆತುಂಬ ಕೂದಲು, ಕಪ್ಪಗೆ, ಹಣೆಗೆ ಅಂಟಿಕೊಂಡಿತ್ತು. ಸಿಟ್ಟು ಬಂದಾಗ ನೀನು ಕೆಳತುಟಿ ಮುಂದೆ ಮಾಡುತ್ತೀಯಲ್ಲ, ಹಾಗೆಯೇ ತುಟಿ. ಬಣ್ಣ ನನ್ನದು, ಪಾಪ. ಎಡಗೈಯ ಕಿರುಬೆರಳು ಮಾವನದ್ದರ ಹಾಗೆ ಒಳಗೆ ಬಾಗಿತ್ತು. ಅದನ್ನು ನೋಡಿ ಮಾವ ಮಣ್ಣಿನಲ್ಲೇ ಕೂತುಬಿಟ್ಟರು. ಕಾರಿನಲ್ಲಿ ಅಲ್ಲಿಯತನಕ ನನ್ನ ಮಡಿಲಲ್ಲೇ ಇದ್ದಳು, ಯಾರ ಕೈಗೂ ಕೊಡಲಿಲ್ಲ. ಹೆಸರಿಲ್ಲದೆ ಕಳಿಸಬಾರದು ಎಂದಾಯಿತು, ಕಿವಿಯ ಹತ್ತಿರ ಬಾಯಿ ತಂದೆ. ನಾವು ಒಂದು ಹೆಸರನ್ನೂ ಮಾತಾಡಿಕೊಂಡಿರಲಿಲ್ಲವಲ್ಲ, ಬೇರೆ ಯಾವುದೂ ಬರಲಿಲ್ಲ ಮಾರಾಯ್ತಿ. ಮೂರು ಸಲವೂ ನಿನ್ನ ಹೆಸರನ್ನೇ ಹೇಳಿದೆ.