ಮೂರು ನಿಮಿಷದ ಕಾರು

ಅಣ್ಣಾ,

ನೀನು ಹೋದ ಮೇಲೆ ಮೂಲೆ ಸೇರಿದ್ದ ನಿನ್ನ ಹಳೇ ಕಾರಿನ ಕಾರುಬಾರು ಇವತ್ತು ಮತ್ತೆ ಶುರುವಾಯಿತು. ನಿನ್ನ ಮಗಳು ಒಂದು ವಾರ ಕೂತು ಕಾರ್ಬುರೇಟರ್ ಪೂರ್ತಿ ಬಿಚ್ಚಿ, ತೊಳೆದು, ಹೊಸ ವಾಷರ್ ಹಾಕಿ ಜೋಡಿಸಿದ್ದಳು. ಎಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಗಿ, ಮೂರು ನಿಮಿಷ ಓಡಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್, ಮತ್ತೆ ಮೂರೇ ನಿಮಿಷ. ನಿನ್ನ ಕಾಲದಲ್ಲೂ ಹೀಗೇ ಅಲ್ಲವೇ?

ನಾಲ್ಕನೇ ಸಲ ಅವಳು ಸ್ಪ್ಯಾನರ್ ಎಸೆದಳು.

"ಅಪ್ಪ ಕೈ ಕೆಟ್ಟೋಯ್ತು ಅಂತ ಗ್ಯಾರೇಜ್ ಮುಚ್ಚಿದ್ದು ಇದರಿಂದಾನೇ ಅಲ್ವಾ ಚಿಕ್ಕಪ್ಪ? ನನ್ನ ಕೈನೂ ಅಷ್ಟೇ. ಇದನ್ನ ಗುಜರಿಗೆ ಹಾಕಿ ನಾನೂ ಕೆಲಸ ಬಿಡ್ತೀನಿ."

ಊರಿಗೆಲ್ಲ ಕೀಟಲೆ ಮಾಡುವ ನಾನು ಸ್ಪ್ಯಾನರ್ ಎತ್ತಿ ಅವಳ ಕೈಗೆ ಕೊಟ್ಟೆ.

"ಟ್ಯಾಂಕ್ ಇಳಿಸು."

"ಟ್ಯಾಂಕ್ ಯಾಕೆ?"

"ಇಳಿಸೇ ಅಂದ್ನಲ್ಲ!"

ಪೆಟ್ರೋಲ್ ಬಸಿದಾಗ ಪೈಪಿನ ಬಾಯಲ್ಲಿ ಸಿಕ್ಕಿತು, ಪೆಪ್ಪರಮೆಂಟು ಸುತ್ತುವ ಹಳದಿ ಪ್ಲಾಸ್ಟಿಕ್ ಚೂರು. ಎಂಜಿನ್ ಪೆಟ್ರೋಲ್ ಎಳೆದಾಗ ಪೈಪ್ ಮುಚ್ಚುತ್ತದೆ, ನಿಂತಾಗ ಕಳಚಿಕೊಳ್ಳುತ್ತದೆ. ನೀನು ಬಾನೆಟ್ ಎತ್ತಿ ತಲೆ ಕೆರೆದುಕೊಳ್ಳುವುದನ್ನು ನೋಡಿ ಒಂದು ದಿನ ನಗೋಣ ಅಂತ ನಾನೇ ಹಾಕಿದ್ದೆ. ಸಂಜೆ ಹೇಳಬೇಕಿತ್ತು. ಸಂಜೆ ನೀನು ತುಂಬ ಸಿಟ್ಟಲ್ಲಿದ್ದೆ.

ಕಾರು ಅರ್ಧ ಗಂಟೆ ನಿಲ್ಲದೆ ಓಡಿತು. ಅವಳು ಕೈ ಒರೆಸಿಕೊಂಡು ಕೇಳಿದಳು:

"ಹಾಗಾದ್ರೆ ಅಪ್ಪನ ಕೈ ಚೆನ್ನಾಗೇ ಇತ್ತು?"

"ಚೆನ್ನಾಗೇ ಇತ್ತು."

"ಮತ್ತೆ ಈ ಚೂರು ಒಳಗೆ ಹೆಂಗೆ ಹೋಯ್ತು?"

ನಾನು ಜೇಬಿನಿಂದ ಒಂದು ಪೆಪ್ಪರಮೆಂಟು ತೆಗೆದು ಅವಳ ಅಂಗೈ ಮೇಲಿಟ್ಟೆ. ಅದೇ ಹಳದಿ. ಅವಳು ತುಂಬ ಹೊತ್ತು ಅದನ್ನೇ ನೋಡಿದಳು, ಆಮೇಲೆ ನನ್ನನ್ನು.

ನಗಲಿಲ್ಲ, ಅಣ್ಣ.