ಆಫೀಸಿನ ಮೂಗು

ಹನ್ನೊಂದನೇ ತಾರೀಕು, ಮಂಗಳವಾರ

ಚಿರಂಜೀವಿ ಗುಬ್ಬಿಗೆ,

ಅಮ್ಮನ ಆಶೀರ್ವಾದಗಳು. ನಿನ್ನ ಎರಡು ಪತ್ರಗಳಿಗೂ ಉತ್ತರಿಸದೆ ಕುಳಿತ ಅಪರಾಧಿ ನಾನೇ. ಜ್ವರ ಬಂದಿತ್ತು. ಹೋಗುವಾಗ ಬರಿಗೈಲಿ ಹೋಗಬಾರದೆಂದು ನನ್ನ ಮೂಗಿನ ಶಕ್ತಿಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಗಾಬರಿಯಾಗಬೇಡ, ಮೂಗು ಮುಖದ ಮೇಲೇ ಇದೆ, ಕನ್ನಡಕ ಹೊರುವ ಸೇವೆ ಸಲ್ಲಿಸುತ್ತಿದೆ. ವಾಸನೆ ಮಾತ್ರ ಒಂದೂ ತಿಳಿಯುತ್ತಿಲ್ಲ. ಮೊನ್ನೆ ಹಾಲು ಸೀದು ಪಾತ್ರೆ ಕರಕಲಾಗುವಾಗ ನಿನ್ನ ತಾಯಿ ಪಕ್ಕದಲ್ಲೇ ಕುಳಿತು ಪೇಪರು ಓದುತ್ತಿದ್ದಳು. ಡಾಕ್ಟರು "ಬಂದರೆ ಬರಬಹುದು" ಎಂದು ಭವಿಷ್ಯ ನುಡಿದಿದ್ದಾರೆ. ಅಷ್ಟನ್ನು ನಾನೂ ಹೇಳುತ್ತಿದ್ದೆ.

ಸರ್ಕಾರಿ ಪರಿಸರ ವಿಜ್ಞಾನಿ ಎಂದರೆ ನಿನ್ನ ಗೆಳತಿಯರು ಕಾಡು, ಹುಲಿ ಎಂದುಕೊಂಡಿರುತ್ತಾರೆ. ನಾನು ಇಷ್ಟು ವರ್ಷ ಊರಿನ ನೀರು ಮೂಸಿದವಳು. ಸಂದರ್ಶನದಲ್ಲಿ ಕುಡಿಯಲು ಕೊಟ್ಟ ನೀರಿಗೆ ಪಾಚಿಯ ವಾಸನೆ ಇದೆಯೆಂದು ಲೋಟ ಹಿಂದಿರುಗಿಸಿ ಕೆಲಸ ಗಿಟ್ಟಿಸಿದವಳು. ಎಷ್ಟು ಯಂತ್ರಗಳು ಬಂದರೂ ನಮ್ಮ ಪ್ರಯೋಗಾಲಯದಲ್ಲಿ ವಾಸನೆಗೆ ಮನುಷ್ಯರ ಮೂಗೇ ಕೊನೆಯ ನ್ಯಾಯಾಲಯ. ಪರೀಕ್ಷೆಯ ದಿನ ಕಾಫಿ, ಪೌಡರು, ಪರಿಮಳದ ಸೋಪು ಎಲ್ಲವೂ ನಿಷಿದ್ಧ. ಸನ್ಯಾಸಿನಿಯನ್ನು ಕಟ್ಟಿಕೊಂಡೆನೆಂದು ನಿಮ್ಮಪ್ಪ ಮದುವೆಯಾದ ಹೊಸದರಲ್ಲೇ ನಮ್ಮತ್ತೆಗೆ ದೂರು ಕೊಟ್ಟಿದ್ದರು.

ಈಗ ಸುದ್ದಿಗೆ ಬರುತ್ತೇನೆ. ಬಣ್ಣದ ಕಾರ್ಖಾನೆಯ ಹಿಂದಿನ ಬೀದಿಯವರು ನಲ್ಲಿ ನೀರು ನಾರುತ್ತದೆಂದು ದೂರಿದರು. ಆ ನೀರನ್ನು ನಿಯಮದಂತೆ ಬೆಚ್ಚಗೆ ಮಾಡಿ ಮೂಸಿದೆ. ಏನೂ ಇಲ್ಲ. ಪಕ್ಕದಲ್ಲಿ ನಿಂತಿದ್ದ ನಿರ್ದೇಶಕರ ಮುಖ ಊರಗಲ ಅರಳಿತು. ಕಾರ್ಖಾನೆಯವರ ಫೋನು ಕೇಳಿ ಕೇಳಿ ಅವರ ಕಿವಿ ಸವೆದಿತ್ತಂತೆ. ನಾನು ಜ್ವರದ ಕಥೆ ಹೇಳಿ, ಮೂಗು ಕೆಟ್ಟಿದೆ ಎಂದೆ. ಅದು ನಮ್ಮಿಬ್ಬರಲ್ಲೇ ಇರಲಿ ಎಂದರು.

"ನಿಮ್ಮ ಮೂಗೇ ವಾಸನೆ ಇಲ್ಲ ಅಂದ್ಮೇಲೆ ಯಾರು ಕೇಳ್ತಾರೆ ಮೇಡಂ? ಸಹಿ ಹಾಕ್ಬಿಡಿ. ಮೂಗು ಹೋಗಿದೆ ಅಂತ ಬರೆದ್ರೆ ನಿಮ್ಮ ಕುರ್ಚಿನೂ ಹೋಗುತ್ತೆ."

"ನನ್ನ ಮೂಗಿಗೆ ಬರ್ಲಿಲ್ಲ ಅಂದ್ರೆ ಇಲ್ಲ ಅಂತಲ್ಲ ಸಾರ್," ಎಂದೆ.

ವರದಿಯಲ್ಲಿ ಬರೆದೇಬಿಟ್ಟೆ: ಉಪಕರಣ ಕೆಟ್ಟಿದೆ, ಉಪಕರಣದ ಹೆಸರು, ನನ್ನ ಮೂಗು. ಮರುದಿನವೇ ಹೊಸ ಮೂಗುಗಳ ಮಂಡಳಿ ಕೂಡಿಸಿದೆ. ಡ್ರೈವರು, ಟೈಪಿಸ್ಟಮ್ಮ, ಗೇಟಿನ ಕಾವಲುಗಾರ. ನಿಯಮಕ್ಕೆ ಇನ್ನೊಂದು ಮೂಗು ಬೇಕಿತ್ತು. ನಿರ್ದೇಶಕರನ್ನೇ ಕರೆದೆ. ಸೆಂಟು ಪೂಸಿಕೊಂಡು ಬಂದಿದ್ದರು. ಮುಖ ತೊಳೆದು, ಡ್ರೈವರನ ಅಂಗಿ ತೊಟ್ಟು ಬರುವವರೆಗೆ ಒಳಗೆ ಬಿಡಲಿಲ್ಲ. ಶುದ್ಧ ನೀರಿನ ಫ್ಲಾಸ್ಕುಗಳ ನಡುವೆ ಆ ಬೀದಿಯದನ್ನೂ ಗುರುತಿಲ್ಲದೆ ಇಟ್ಟಿದ್ದೆ. ಟೈಪಿಸ್ಟಮ್ಮ ಎಲ್ಲದಕ್ಕೂ ಮೂಗು ಮುರಿಯುವವಳು; ಆ ದಿನ ಒಂದಕ್ಕೇ ಮುರಿದಳು. ಡ್ರೈವರು, ಕಾವಲುಗಾರ ತೋರಿಸಿದ್ದೂ ಅದನ್ನೇ. ನಿರ್ದೇಶಕರು ಅದನ್ನೆತ್ತಿ ಮೂಸಿ, ಮೆಲ್ಲಗೆ ಕೆಳಗಿಟ್ಟರು.

"ಇದನ್ನ ಕುಡೀತಾರಾ ಅವರು?"

ನಾನು ಪೆನ್ನು ಮುಂದಿಟ್ಟೆ. ಸಹಿ ಬಿತ್ತು. ಆ ಬೀದಿಯ ನಲ್ಲಿ ಬಂದಾಗಿ ಟ್ಯಾಂಕರು ಹೋಗುತ್ತಿದೆ. ಕಾರ್ಖಾನೆಯ ಕೊಳವೆ ಅಗೆಯುತ್ತಿದ್ದಾರೆ.

ನನ್ನ ಕುರ್ಚಿಯ ವಿಷಯ ನಿರ್ದೇಶಕರು ಮರೆತಿಲ್ಲ. ಉಗ್ರಾಣಕ್ಕೆ ವರ್ಗ ಮಾಡುವ ಮಾತಿದೆ. ಮಾಡಲಿ. ನಾನು ಅಲ್ಲೇ ಮೂಗುಗಳ ಪಾಠಶಾಲೆ ತೆರೆಯುತ್ತೇನೆ. ಮೂಗು ಹೋಯಿತೆಂದು ಮೂಗುದಾರ ಹಾಕಿಸಿಕೊಳ್ಳುವವಳಲ್ಲ ನಿನ್ನ ತಾಯಿ. ಡ್ರೈವರು ಆಗಲೇ ಪಾಚಿಗೂ ತುಕ್ಕಿಗೂ ವ್ಯತ್ಯಾಸ ಹಿಡಿಯುತ್ತಿದ್ದಾನೆ. ಟೈಪಿಸ್ಟಮ್ಮ ಪೌಡರು ಬಿಟ್ಟಿದ್ದಾಳೆ, ಇದು ಸಾಮಾನ್ಯ ತ್ಯಾಗವಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ಚೆನ್ನಾಗಿ ಬಾಳು.

ನಿನ್ನ,
ಅಮ್ಮ

ಮರೆತಿದ್ದೆ: ಅಪ್ಪ ಹೋದಮೇಲೆ ಬೀರುವಿನಲ್ಲಿಟ್ಟ ಅವರ ಸ್ವೆಟರನ್ನು ಒಗೆಯಲು ತೆಗೆದೆಯೆಂದು ನಿನ್ನ ಮೇಲೆ ಎಗರಾಡಿದ್ದೆನಲ್ಲ, ಮೂಗು ಹೋದದ್ದು ಗೊತ್ತಾದದ್ದು ಅದರಿಂದಲೇ. ಹಾಲು ಸೀದದ್ದು ಆಮೇಲಿನ ಮಾತು. ಜ್ವರ ಬಿಟ್ಟ ಬೆಳಿಗ್ಗೆ ಎಂದಿನಂತೆ ಅದರಲ್ಲಿ ಮುಖವಿಟ್ಟೆ. ಉಣ್ಣೆ ಚುಚ್ಚಿತು, ಅಷ್ಟೇ. ರಜೆಗೆ ಬರುವ ದಿನ ಪರಿಮಳದ ಸೋಪು ಹಾಕಬೇಡ. ಬಂದವಳೇ ಆ ಸ್ವೆಟರನ್ನು ಮೂಸಿ, ಅವರು ಇನ್ನೂ ಇದ್ದಾರೆಯೇ ಹೇಳು. ಅಮ್ಮ ಬೇಜಾರು ಮಾಡಿಕೊಳ್ಳುತ್ತಾಳೆಂದು ಸುಳ್ಳು ಹೇಳಬೇಡ.